ಒಂದೇ ಏಟಿಗೆ ಇಡೀ ಕುರಿ

ಸುಬ್ಹಿಯ ಅಂಗಡಿಯಲ್ಲಿ ಹರಿತವಾದ ಕತ್ತಿ ಒಂದೂ ಇರಲಿಲ್ಲ.

ಕತ್ತಿಗೇನೂ ಬರವಿರಲಿಲ್ಲ. ದಮಾಸ್ಕಸ್ಸಿನ ಶಾಘೂರ್ ಕೇರಿಯಲ್ಲಿ, ಟ್ರಾಮಿನ ಗಂಟೆ ಕೇಳಿಸುವಷ್ಟು ಹತ್ತಿರ, ಟ್ರಾಮಿನಿಂದ ಇಳಿದ ಗಿರಾಕಿಯ ಕಣ್ಣಿಗೆ ಬೀಳದಷ್ಟು ಒಳಗೆ ಇತ್ತು ಅವನ ಅಂಗಡಿ. ಗೋಡೆಯ ಮೇಲೆ ಹಲ್ಲಿ ಓಡಾಡಲೂ ಜಾಗವಿಲ್ಲದಷ್ಟು ಹಳೆಯ ಕತ್ತಿಗಳು. ತುರ್ಕರವು, ಪರ್ಷಿಯದವು, ಯಾವ ದೇಶದ್ದೆಂದು ಸುಬ್ಹಿಗೂ ಗೊತ್ತಿಲ್ಲದವು. ಜನ ಅವನ್ನು ಕೊಳ್ಳುತ್ತಿದ್ದದ್ದು ಗೋಡೆಗೆ ನೇತುಹಾಕಲು, ಇಲ್ಲವೆ ಮದುವೆ ಮೆರವಣಿಗೆಯಲ್ಲಿ ಹಿಡಿದು ಕುಣಿಯಲು. ಕುಣಿಯುವ ಕತ್ತಿ ಹರಿತವಾಗಿದ್ದರೆ ಊಟದ ಹೊತ್ತಿಗೆ ನೆಂಟರು ಕಡಿಮೆಯಾಗುತ್ತಾರೆ. ಹಾಗಾಗಿ ಸುಬ್ಹಿ ಸಾಣೆಕಲ್ಲಿನ ಮುಖ ನೋಡಿದವನಲ್ಲ.

ನೆರೆಹೊರೆಯವರು ಅವನನ್ನು ಅಬೂ ರಾತಿಬ್, ಅಂದರೆ ರಾತಿಬನ ಅಪ್ಪ, ಎಂದೂ ಹೆಂಡತಿ ನಜ್ಮಿಯ್ಯಾಳನ್ನು ಉಮ್ ರಾತಿಬ್, ರಾತಿಬನ ಅಮ್ಮ, ಎಂದೂ ಕರೆಯುತ್ತಿದ್ದರು. ರಾತಿಬ್ ಎಂಬ ಮಗ ಹುಟ್ಟಿರಲೇ ಇಲ್ಲ. ಹೆಸರು ಮೊದಲು ಬಂದು ಕೂತಿತ್ತು, ಮಗ ಹಿಂದಿನಿಂದ ಬರಲಿಲ್ಲ, ಅಷ್ಟೆ. ಅದರ ಬಗ್ಗೆ ಗಂಡ ಹೆಂಡತಿ ಜಗಳವಾಡಿದವರಲ್ಲ. ಅವರ ಸಂಸಾರಕ್ಕೆ ಬೇರೆಯೇ ರೋಗವಿತ್ತು: ಸುಬ್ಹಿಯ ಆಣೆ.

ಕೇರಿಯ ಬೇರೆ ಗಂಡಸರು ಗಡ್ಡದ ಮೇಲೋ ಸತ್ತ ಅಪ್ಪನ ಮೇಲೋ ಆಣೆ ಹಾಕುತ್ತಿದ್ದರು. ಸುಬ್ಹಿ ಬಾಯಿ ತೆರೆದರೆ ತಲಾಖಿನ ಆಣೆ. "ಹೀಗಾಗದಿದ್ರೆ ನನ್ನ ಹೆಂಡತಿಗೆ ತಲಾಖ್!" ಹೇಳಿದಂತೆ ಆದರೆ ಸರಿ. ಆಗದಿದ್ದರೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತ ಹೆಂಗಸಿಗೆ ಅಲ್ಲಿಂದಲೇ ತಲಾಖ್. ಒಂದು ಸಲ ಟ್ರಾಮು ಮಧ್ಯಾಹ್ನದ ಒಳಗೆ ಬಂದೇ ಬರುತ್ತದೆಂದು ಆಣೆ ಹಾಕಿದ. ಟ್ರಾಮು ಕೆಟ್ಟು ನಿಂತಿತು. ಇನ್ನೊಂದು ಸಲ ಕಲ್ಲಂಗಡಿಯ ಒಳಗೆ ಕೆಂಪಗಿದೆಯೆಂದು ಆಣೆ ಹಾಕಿದ. ಕೊಯ್ದರೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು. ಎರಡು ಸಲವೂ ಬಳೆ ತಂದು, ಕಣ್ಣೀರು ಹಾಕಿ, ಶಾಸ್ತ್ರ ಹೇಳುವ ಗಡುವಿನೊಳಗೆ ನಜ್ಮಿಯ್ಯಾಳನ್ನು ಮರಳಿ ಮನೆಗೆ ಕರೆದುಕೊಂಡ. ಎರಡರ ತನಕ ಹಾಗೆ ಕರೆದುಕೊಳ್ಳಬಹುದು. ಮೂರನೆಯದಕ್ಕೆ ಮರಳುವ ದಾರಿ ಇಲ್ಲ. ಅದು ಕೇರಿಯ ಬೆಕ್ಕುಗಳಿಗೂ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಅಲೆಪ್ಪೊದ ಗಿರಾಕಿಯೊಬ್ಬ ಅಂಗಡಿಗೆ ಬಂದ. ಚಹಾ ಕಾಯಿಸುವ ಸಮೋವರಿನ ಮೇಲುಗಡೆ ತೂಗುತ್ತಿದ್ದ ಬಾಗು ಕತ್ತಿಯನ್ನು ತೋರಿಸಿ ಕೇಳಿದ.

"ಅದು ಕಡಿಯುತ್ತಾ?"

"ಕಡಿಯುತ್ತಾ?" ಸುಬ್ಹಿ ಚಹಾ ಲೋಟ ಕೆಳಗಿಟ್ಟ. "ನಮ್ಮಜ್ಜನ ಕತ್ತಿ ಸ್ವಾಮಿ ಅದು. ಒಂಟೆಯ ಕತ್ತನ್ನ, ಜೀನಿನ ಸಮೇತ, ಒಂದೇ ಏಟಿಗೆ ಹಾರಿಸಿದ್ರು."

"ಕತ್ತಿನ ಮೇಲೆ ಜೀನು ಯಾಕಿತ್ತು?"

ಸುಬ್ಹಿ ಇದನ್ನು ಯೋಚಿಸಿರಲಿಲ್ಲ. ಎದುರು ಅಂಗಡಿಯಲ್ಲಿ ಕೊಕ್ಕೆಗೆ ಕುರಿ ನೇತುಹಾಕುತ್ತಿದ್ದ ಕಟುಕ ಅಬೂ ದರ್ವೀಶ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ಹೊಟ್ಟೆ ಹಿಡಿಯಲು ಇಬ್ಬರು ಬೇಕಿತ್ತು.

"ಯಾ ಅಬೂ ರಾತಿಬ್! ಆ ಕತ್ತಿ ಮೊಸರನ್ನೂ ಕಡಿಯಲ್ಲ ಕಣಯ್ಯಾ! ನನಗೆ ಕೊಡು, ಅಂಗಡಿ ಮುಂದೆ ನೊಣ ಓಡಿಸೋಕೆ ಇಟ್ಕೊಳ್ತೀನಿ."

ಅಲೆಪ್ಪೊದವನೂ ನಕ್ಕ. ದಮಾಸ್ಕಸ್ಸಿನವನು ನಕ್ಕರೆ ಸುಬ್ಹಿ ತಡೆದುಕೊಳ್ಳುತ್ತಿದ್ದನೇನೋ. ಅಲೆಪ್ಪೊದವನು ನಗುವುದೆಂದರೆ ಊರಿನ ಮಾನದ ಪ್ರಶ್ನೆ. ಸುಬ್ಹಿಯ ಕಿವಿ ದಾಳಿಂಬೆಯಾಯಿತು. ಕತ್ತಿಯನ್ನು ಮೊಳೆಯಿಂದ ಕಿತ್ತು ಓಣಿಯ ನಡುವೆ ಬಂದು ನಿಂತ.

"ಕೇಳ್ರೋ! ಇವತ್ತು ಸಂಜೆ ಮಗ್ರಿಬ್ ಬಾಂಗಿನ ಒಳಗೆ ಈ ಕತ್ತಿ ಉಕ್ಕಿನ ಅಂಗಿಯನ್ನ ತಿವಿದು ಆಚೆ ಬರದಿದ್ರೆ, ಇಡೀ ಕುರಿಯನ್ನ ಒಂದೇ ಏಟಿಗೆ ಎರಡು ತುಂಡು ಮಾಡದಿದ್ರೆ, ನನ್ನ ಹೆಂಡತಿಗೆ ತಲಾಖ್!"

ಅಬೂ ದರ್ವೀಶನ ನಗು ಅರ್ಧಕ್ಕೆ ನಿಂತು, ಹೊಟ್ಟೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲುಗಾಡುತ್ತಿತ್ತು.

"ನಾನು ಸುಮ್ನೆ ಕೇಳಿದೆ," ಎಂದ ಅಲೆಪ್ಪೊದವನು. ಟೋಪಿ ಸರಿಮಾಡಿಕೊಂಡು ಓಣಿಯ ತುದಿಯಲ್ಲಿ ತಿಂಡಿ ತಿನ್ನಲು ಹೋದ. ಅವನನ್ನು ಆಮೇಲೆ ಯಾರೂ ಕಾಣಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಬ್ಹಿಗೆ ತಾನು ಆಡಿದ್ದೇನೆಂದು ತಿಳಿದದ್ದು ಉಳಿದವರ ಮುಖ ನೋಡಿದ ಮೇಲೆ. ಯಾರೋ ಓಡಿಹೋಗಿ ಓಣಿಯ ಮಸೀದಿಯ ಶೇಖ್ ಮುನೀಬರನ್ನು ಕರೆತಂದರು. ಶೇಖ್ ಮುನೀಬರು ತೆಳ್ಳಗಿನ, ಕಣ್ಣು ಮಂಜಾದ ಮುದುಕರು. ಶಾಸ್ತ್ರದಲ್ಲಿ ಮಾತ್ರ ಅವರಿಗೆ ಕೂದಲೆಳೆಯೂ ಕಾಣುತ್ತಿತ್ತು.

"ಏನಂದೆ ಮಗನೇ? ಒಂದಕ್ಷರ ಬಿಡದೆ ಹೇಳು."

ಸುಬ್ಹಿ ಹೇಳಿದ. ಈ ಸಲ ಪಿಸುದನಿಯಲ್ಲಿ, "ಆ ಮನುಷ್ಯ ಹೀಗಂದ" ಎನ್ನುವಂತೆ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

"ತಿವಿಯೋದೂ ಅಂದೆ, ಕಡಿಯೋದೂ ಅಂದೆ. ಎರಡೂ ಆಗಬೇಕು. ಒಂದಾದ್ರೆ ಸಾಲದು."

"ಕೋಪದಲ್ಲಿ ಅಂದಿದ್ದು ಮೌಲಾನಾ."

"ತಲಾಖನ್ನ ಖುಷಿಯಲ್ಲಿ ಯಾರಪ್ಪಾ ಹೇಳ್ತಾರೆ? ಮೂರನೇದು ಇದು. ಆಣೆ ಮುರೀತೋ, ಉಮ್ ರಾತಿಬ್ ನಿನಗೆ ಪರಸ್ತ್ರೀ. ಆಕೆ ಬೇರೊಬ್ಬನನ್ನ ಮದುವೆಯಾಗಿ, ಸಂಸಾರ ಮಾಡಿ, ಅವನು ತಾನಾಗಿ ಬಿಟ್ಟರೆ, ಇಲ್ಲ ಸತ್ತರೆ, ಆಮೇಲೆ ನೀನು ಹೋಗಿ ಕೇಳಬಹುದು."

ಗುಂಪಿನ ಹಿಂದೆ ನಿಂತಿದ್ದ ಕ್ಷೌರಿಕ ಅಬೂ ಶಾಕಿರ್ ನೆಟ್ಟಗಾದ. ಅವನು ವಿಧುರ. ಆರೋಗ್ಯ ಚೆನ್ನಾಗಿತ್ತು.

ಮೊದಲು ಕತ್ತಿಯ ಯೋಗ್ಯತೆ ನೋಡೋಣವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಸುಬ್ಹಿಯ ಮನೆಗೆಂದು ಬೆಳಿಗ್ಗೆ ಕೊಂಡಿಟ್ಟಿದ್ದ ಕಲ್ಲಂಗಡಿಯನ್ನು ಸ್ಟೂಲಿನ ಮೇಲೆ ಇಟ್ಟರು. ಸುಬ್ಹಿ "ಬಿಸ್ಮಿಲ್ಲಾ" ಎಂದು ಎರಡೂ ಕೈಯಿಂದ ಬೀಸಿದ. ಕತ್ತಿ ಕಲ್ಲಂಗಡಿಯನ್ನು ಕಡಿಯಲಿಲ್ಲ, ಹೊಡೆಯಿತು. ದೊಣ್ಣೆಯಲ್ಲಿ ಬಾರಿಸಿದ ಹಾಗೆ ಹಣ್ಣು ಸಿಡಿದು, ಮುಂದಿನ ಸಾಲಿನಲ್ಲಿದ್ದವರ ಗಡ್ಡಗಳಲ್ಲಿ ಬೀಜ ಕೂತಿತು.

"ಒಳಗೆ ಕೆಂಪಗಿದೆ," ಎಂದ ಅಬೂ ದರ್ವೀಶ್, ಮುಖ ಒರೆಸಿಕೊಳ್ಳುತ್ತ. "ಇವತ್ತು ಇದರ ಮೇಲೆ ಆಣೆ ಹಾಕಿದ್ರೆ ಗೆಲ್ತಿದ್ದೆ ನೋಡು."

ಸಾಣೆ ಹಿಡಿಯುವವನು ತಂಗಿಯ ಮದುವೆಗೆಂದು ದೂರದ ಹಳ್ಳಿಗೆ ಹೋಗಿದ್ದ. ಕೇರಿಯಲ್ಲಿ ಉಕ್ಕಿಗೆ ಹರಿತ ಕೊಡಬಲ್ಲ ಇನ್ನೊಬ್ಬನೆಂದರೆ ಕ್ಷೌರಿಕ. ಬೇಡವೆಂದರೂ ಕತ್ತಿ ಅಬೂ ಶಾಕಿರನ ಮಡಿಲಿಗೇ ಹೋಯಿತು.

ಅಬೂ ಶಾಕಿರ್ ಕಲ್ಲಿಗೆ ಎಣ್ಣೆ ಬಿಟ್ಟು, ಗ್ರಾಹಕರ ಗಡ್ಡ ಹೆರೆಯುವ ನಿಧಾನದಲ್ಲಿ ಕತ್ತಿ ಉಜ್ಜತೊಡಗಿದ. ತುಕ್ಕಿನ ಅಡಿಯಿಂದ ಉಕ್ಕಿನ ನೀರಲೆ ಮೆಲ್ಲಗೆ ಮೂಡಿಬಂತು. ನೋಡಲು ಚೆಂದವಿತ್ತು. ಸುಬ್ಹಿ ಉಕ್ಕನ್ನು ನೋಡುತ್ತಿರಲಿಲ್ಲ, ಅಬೂ ಶಾಕಿರನ ಕೈ ನೋಡುತ್ತಿದ್ದ. ಕತ್ತಿ ಮೊಂಡಾಗಿ ಉಳಿದರೆ ಲಾಭ ಯಾರಿಗೆಂದು ಲೆಕ್ಕ ಹಾಕಲು ಮದರಸಾ ಓದಬೇಕಿರಲಿಲ್ಲ.

"ಗಟ್ಟಿಯಾಗಿ ಉಜ್ಜು."

"ಉಜ್ತಿದೀನಲ್ಲ."

"ಗಡ್ಡ ಅಲ್ಲ ಅದು. ಕೈಗೆ ಬಲ ಹಾಕು."

ಅಬೂ ಶಾಕಿರ್ ಕಲ್ಲಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟ. ಆಮೇಲೆ ತಲೆಯೆತ್ತದೆ ಕೇಳಿದ.

"ಅಬೂ ರಾತಿಬ್, ಒಂದು ಮಾತು. ಉಮ್ ರಾತಿಬ್ ಮಾಂಸದ ಕಿಬ್ಬೆ ಉಂಡೆ ಮಾಡುವಾಗ ಒಳಗೆ ಅಕ್ರೋಟು ಹಾಕ್ತಾರಾ, ಪೈನ್ ಬೀಜ ಹಾಕ್ತಾರಾ?"

"ನಿನಗ್ಯಾಕೋ ಅದು?"

"ಸುಮ್ನೆ ಕೇಳಿದೆ. ನನಗೆ ಅಕ್ರೋಟು ಆಗಲ್ಲ."

ಸುಬ್ಹಿ ಕತ್ತಿ ಕಿತ್ತುಕೊಳ್ಳಲು ಹೋದ. ಅಲಗು ತಾಗಿ ಬೆರಳು ಕುಯ್ದು ರಕ್ತ ಬಂತು. ನೋವಿನಲ್ಲೂ ಅವನ ಮುಖ ಅರಳಿತು. "ಕಡಿಯುತ್ತೆ! ಕಡಿಯುತ್ತೆ ಕಣೋ!" ಎಂದು ರಕ್ತ ಸೋರುವ ಬೆರಳನ್ನು ಓಣಿಯುದ್ದಕ್ಕೂ ಎಲ್ಲರಿಗೂ ತೋರಿಸಿಕೊಂಡು ಬಂದ.

ಬೆರಳಿಗೆ ಬಟ್ಟೆ ಕಟ್ಟಿಸಿಕೊಳ್ಳುವ ನೆಪದಲ್ಲಿ ಮನೆಗೆ ಹೋದ. ನಜ್ಮಿಯ್ಯಾ ಅಂಗಳದ ಕಾರಂಜಿಯ ಪಕ್ಕ ಕೂತು ಎಳೆ ಸೋರೆಕಾಯಿಯ ತಿರುಳು ತೆಗೆಯುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಮೂರು ಹೆಂಗಸರ ಬಾಯಲ್ಲಿ ಮೂರು ಸಲ ಬಂದು ಹೋಗಿತ್ತು. ಒಂದರಲ್ಲಿ ಕುರಿಯ ಬದಲು ಎಮ್ಮೆಯಿತ್ತು.

ಅವನು ಬಾಗಿಲಲ್ಲಿ ನಿಂತ. ಅವಳು ತಲೆಯೆತ್ತಲಿಲ್ಲ.

"ಒಂದ್ಸಲ ಟ್ರಾಮಿನ ಮೇಲೆ. ಒಂದ್ಸಲ ಕಲ್ಲಂಗಡಿ ಮೇಲೆ. ಈಗ ಕುರಿ ಮೇಲೆ," ಎಂದಳು. "ನನ್ನ ಮದುವೆ ನಿಂತಿರೋದೆಲ್ಲ ಸಂತೆ ಸಾಮಾನಿನ ಮೇಲೆ."

"ನಜ್ಮಿಯ್ಯಾ, ಕೋಪ ಬಂತು. ಅಲೆಪ್ಪೊದವನು ನಕ್ಕ."

"ಅಲೆಪ್ಪೊದವನು ನಕ್ಕರೆ ಅವನ ಹೆಂಡತಿಗೆ ತಲಾಖ್ ಅನ್ನಬೇಕಿತ್ತು. ನನ್ನನ್ನ ಯಾಕೆ ಎಳೆದ್ರಿ?"

ಸುಬ್ಹಿ ರಕ್ತ ಸೋರುವ ಬೆರಳನ್ನು ಮುಂದೆ ಚಾಚಿದ. ಅವಳು ಎದ್ದು ಬಂದು, ಹಳೆ ಸೆರಗಿನ ತುಂಡು ಹರಿದು, ಬೆರಳಿಗೆ ಬಿಗಿಯಾಗಿ ಕಟ್ಟಿದಳು.

"ಕಟ್ಟು ಬಿಗಿಯಾಯ್ತು."

"ಬಿಗಿಯಾಗೇ ಇರಲಿ. ಬೀಸುವಾಗ ಕತ್ತಿ ಕೈಜಾರಿ ಪಕ್ಕದವರ ಮನೆ ಮುರಿಯೋದು ಬೇಡ."

ಇಷ್ಟು ಶಾಂತವಾಗಿ ಮಾತಾಡುವ ಹೆಂಡತಿ ತನಗೆ ಸಿಕ್ಕಿದ್ದಾಳಲ್ಲ ಎಂದು ಸುಬ್ಹಿ ಕಟ್ಟಿದ ಬೆರಳನ್ನೇ ನೋಡಿದ. ಇವಳಿಲ್ಲದ ಮನೆಯನ್ನು ನೆನೆದ. ಬೆಳಿಗ್ಗೆ ಎದ್ದರೆ ಕಾಫಿಯ ವಾಸನೆಯಿಲ್ಲ, ಬಯ್ಯುವ ದನಿಯಿಲ್ಲ, ಕಾರಂಜಿಯ ಸದ್ದೊಂದೇ. ಮೊದಲ ಎರಡು ಸಲ ಅವಳು ತೌರಿನಲ್ಲಿದ್ದಾಗ ಅದನ್ನು ಉಂಡಿದ್ದ. ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ಸುಟ್ಟಿದ್ದ. ಈ ಸಲ ಅದು ಜನ್ಮಪೂರ್ತಿ. ಇನ್ನೊಬ್ಬ ಇವಳ ಕೈಯ ಕಿಬ್ಬೆ ತಿನ್ನುತ್ತ, ಅಕ್ರೋಟು ಆರಿಸಿ ತಟ್ಟೆಯಂಚಿಗೆ ಇಡುತ್ತಾನೆ. ಸುಬ್ಹಿ ಮೂಗೊರೆಸಿಕೊಂಡು ಓಣಿಗೆ ಓಡಿದ.

ಮಧ್ಯಾಹ್ನದ ನಮಾಜು ಮುಗಿಯುತ್ತಲೇ ತಿವಿಯುವ ಪರೀಕ್ಷೆ. ಅಂಗಡಿಯ ಮೂಲೆಯಿಂದ ಉಕ್ಕಿನ ಉಂಗುರಗಳ ಅಂಗಿ ತಂದರು. ಹಿಂದೊಮ್ಮೆ ಯಾವನೋ ಸವಾರ ಯುದ್ಧಕ್ಕೆ ತೊಟ್ಟಿದ್ದಿರಬೇಕು. ಈಗ ಒಳಗೆ ಇಲಿ ಮರಿ ಹಾಕಿದ ಗುರುತಿತ್ತು. ಅದನ್ನು ಎಲ್ಲಿ ನೇತುಹಾಕುವುದು? ಹಿಂದೆ ಕಲ್ಲಿದ್ದರೆ ಮೊನೆ ಮುರಿಯುತ್ತದೆ. ಹಿಂದೆ ಏನೂ ಇಲ್ಲದಿದ್ದರೆ ಅಂಗಿ ತೂಗಾಡುತ್ತದೆ. ಕೊನೆಗೆ ಓಣಿಯಲ್ಲಿ ಮರದ ಬಾಗಿಲು ತೆಳ್ಳಗಿರುವುದು ಕ್ಷೌರಿಕನ ಅಂಗಡಿಯದೇ ಎಂದು ಅಬೂ ದರ್ವೀಶ್ ಕಂಡುಹಿಡಿದ.

"ನನ್ನ ಬಾಗಿಲೇ ಯಾಕೆ?" ಎಂದ ಅಬೂ ಶಾಕಿರ್.

"ಒಂದು ಸಂಸಾರ ಉಳಿಸೋ ಪುಣ್ಯ ಬಾಗಿಲಿಗೆ ಬರುತ್ತೆ ಬಿಡು," ಎಂದ ಕಟುಕ.

ಬಾಗು ಕತ್ತಿ ಕಡಿಯಲು ಹುಟ್ಟಿದ್ದು. ತಿವಿ ಎಂದರೆ ಕುಡುಗೋಲಿಗೆ ಸೂಜಿಯ ಕೆಲಸ ಹೇಳಿದ ಹಾಗೆ. ಮೊದಲ ಸಲ ಮೊನೆ ಉಂಗುರಗಳ ಮೇಲೆ ಜಾರಿ ಎಡಕ್ಕೆ ಹೋಯಿತು. ಎರಡನೆಯ ಸಲ ಬಲಕ್ಕೆ ಜಾರಿ, ಹತ್ತಿರ ಬಂದು ನೋಡುತ್ತಿದ್ದವನ ಕೆಂಪು ಟೋಪಿಯ ಕುಚ್ಚನ್ನು ಕತ್ತರಿಸಿತು. ಜನ ಗೋಡೆಗೆ ಒರಗಿ ದಾರಿ ಬಿಟ್ಟರು. ಸುಬ್ಹಿ ಓಣಿಯ ತುದಿಗೆ ಹೋಗಿ, ಕತ್ತಿಯನ್ನು ಹೊಟ್ಟೆಗೆ ಆನಿಸಿಕೊಂಡು, ಕಣ್ಣು ಮುಚ್ಚಿ, ಹೋರಿಯ ಹಾಗೆ ಓಡಿಬಂದ.

ದಡಾರ್ ಎಂದು ಸದ್ದಾಯಿತು. ಉಂಗುರಗಳು ಹರಿದು ಕಾಸಿನ ಹಾಗೆ ನೆಲದ ಮೇಲೆ ಉರುಳಿದವು. ಕತ್ತಿ ಅಂಗಿಯನ್ನು ತೂರಿ, ಬಾಗಿಲನ್ನು ತೂರಿ, ಹಿಡಿಯ ತನಕ ಹೋಗಿ ನಿಂತಿತು. ಒಳಗೆ ಸಾಬೂನು ಹಚ್ಚಿಕೊಂಡು ಕಾಯುತ್ತಿದ್ದ ಗಿರಾಕಿಯೊಬ್ಬ ಕಿರುಚಿದ್ದು ಕೇಳಿಸಿತು.

ಶೇಖ್ ಮುನೀಬರು ಹಿಂದಿನ ಕಿಟಕಿಯಿಂದ ತಲೆ ಹಾಕಿ, ಮಂಜುಗಣ್ಣು ಕಿರಿದು ಮಾಡಿ ನೋಡಿದರು. "ಮೊನೆ ಆಚೆ ಬಂದಿದೆ. ತಿವಿಯೋದು ಆಯ್ತು."

ಜನ ಹೋ ಎಂದರು. ಕತ್ತಿ ಮಾತ್ರ ಹೊರಗೆ ಬರಲಿಲ್ಲ. ಸುಬ್ಹಿ ಎಳೆದ. ಅಬೂ ದರ್ವೀಶ್ ಸುಬ್ಹಿಯನ್ನು ಹಿಡಿದು ಎಳೆದ. ಇನ್ನಿಬ್ಬರು ಅಬೂ ದರ್ವೀಶನನ್ನು ಹಿಡಿದು ಎಳೆದರು. ಕೊನೆಗೆ ಬಂತು, ಬಾಗಿಲಿನ ಸಮೇತ. ಸಾಬೂನಿನ ಗಿರಾಕಿ ಈಗ ಇಡೀ ಓಣಿಗೆ ಕಾಣುತ್ತಿದ್ದ. ಬಾಗಿಲನ್ನು ಕೊಡಲಿಯಿಂದ ಸೀಳಿ ಕತ್ತಿ ಬಿಡಿಸಿದರು. ನೋಡಿದರೆ ಅಬೂ ಶಾಕಿರ್ ಬೆಳಗ್ಗೆಯಿಂದ ಕೂರಿಸಿದ್ದ ಹರಿತವೆಲ್ಲ ಗರಗಸದ ಹಲ್ಲಿನ ಹಾಗೆ ಮುರಿದುಹೋಗಿತ್ತು.

ಬಿಸಿಲು ಗೋಡೆಯ ಅರ್ಧ ಏರಿತ್ತು. ಮತ್ತೆ ಸಾಣೆ ಹಿಡಿಯಲು ಹೊತ್ತಿರಲಿಲ್ಲ.

ಕುರಿಯ ವಿಷಯದಲ್ಲಿ ಚರ್ಚೆ ಶುರುವಾಯಿತು. ಸುಬ್ಹಿ ಅಂದದ್ದು "ಇಡೀ ಕುರಿ". ಹಲಾಲ್ ಮಾಡಿದ ಮೇಲೆ ಕತ್ತು ಅರ್ಧ ಕುಯ್ದ ಕುರಿ ಇಡೀ ಕುರಿಯೇ? ಹೌದು, ತಲೆ ಅಂಟಿಕೊಂಡಿದ್ದರೆ ಆಯಿತು, ಎಂದರು ಶೇಖ್. ಕರುಳು ತೆಗೆಯಬಹುದೇ? ಈ ಬಿಸಿಲಲ್ಲಿ ತೆಗೆಯದಿದ್ದರೆ ಮಗ್ರಿಬಿಗೆ ಓಣಿಯಲ್ಲಿ ಯಾರೂ ಉಳಿಯುವುದಿಲ್ಲ, ಎಂದ ಕಟುಕ. ತೆಗೆದು ಹೊಟ್ಟೆ ಹೊಲಿದುಬಿಡು, ಎಂದರು ಶೇಖ್.

"ಮೌಲಾನಾ, ಉಣ್ಣೆ? ಅಷ್ಟು ದಪ್ಪ ಉಣ್ಣೇಲಿ ಕತ್ತಿ ಸಿಕ್ಕಿಕೊಳ್ಳುತ್ತೆ," ಎಂದ ಸುಬ್ಹಿ, ಅಳುವ ದನಿಯಲ್ಲಿ.

ಶೇಖ್ ಮುನೀಬರು ಕಣ್ಣು ಮುಚ್ಚಿ ಯೋಚಿಸಿದರು. "ಉಣ್ಣೆ ಕತ್ತರಿಸಿದ ಮೇಲೂ ಕುರಿಯನ್ನ ಕುರಿ ಅಂತಲೇ ಕರೀತೀವಿ. ಆದ್ದರಿಂದ ಉಣ್ಣೆ ಕುರಿಯಲ್ಲ. ತೆಗೆಯಬಹುದು."

ಎಲ್ಲರೂ ಅಬೂ ಶಾಕಿರನ ಕಡೆ ತಿರುಗಿದರು.

ಬಾಗಿಲಿಲ್ಲದ ಅಂಗಡಿಯಿಂದ ಅಬೂ ಶಾಕಿರ್ ಕತ್ತರಿ ಹಿಡಿದು ಹೊರಬಂದ. ಕೊಕ್ಕೆಗೆ ತಲೆಕೆಳಗಾಗಿ ತೂಗುತ್ತಿದ್ದ ಕುರಿಯ ಮುಂದೆ ನಿಂತು ಒಮ್ಮೆ ನಿಟ್ಟುಸಿರಿಟ್ಟ. ಆದರೆ ಕೈ ಕೆಲಸಕ್ಕೆ ಹತ್ತಿದ ಮೇಲೆ ಅವನಿಗೆ ಗಿರಾಕಿ ಯಾರೆಂಬ ಭೇದವಿರಲಿಲ್ಲ. ಮೊದಲು ಕತ್ತರಿ, ಆಮೇಲೆ ಸಾಬೂನು, ಆಮೇಲೆ ಕ್ಷೌರದ ಕತ್ತಿ. ಸೊಂಟದ ಸುತ್ತ ಎರಡು ಗೇಣು ನುಣ್ಣಗಾಯಿತು. ಕೊನೆಗೆ ರೂಢಿಯಂತೆ ಅಂಗೈಯಲ್ಲಿ ಪನ್ನೀರು ಸುರಿದುಕೊಂಡು ಕುರಿಗೆ ಹಚ್ಚಿ, "ನಯೀಮನ್, ತಂಪಾಗಿರಲಿ," ಎಂದು ಹಾರೈಸಿದ. ಆಮೇಲೆ ನಾಲಿಗೆ ಕಚ್ಚಿಕೊಂಡ. ಉಳಿದ ಪನ್ನೀರನ್ನು ತನ್ನ ಮೀಸೆಗೆ ಸವರಿಕೊಂಡದ್ದನ್ನು ಸುಬ್ಹಿ ನೋಡಿದ.

ಈ ನಡುವೆ ಕಟುಕನ ಹೆಂಡತಿ ಉಮ್ ದರ್ವೀಶ್ ಹಿಂಬಾಗಿಲಿನಿಂದ ಅಂಗಡಿಗೆ ಬಂದು ಗಂಡನ ಕಿವಿಯಲ್ಲಿ ನಾಲ್ಕು ಮಾತು ಹೇಳಿ ಹೋಗಿದ್ದಳು. ಬೆಳಿಗ್ಗೆ ನಕ್ಕು ಬೆಂಕಿ ಹಚ್ಚಿದವನು ನೀನು. ಉಮ್ ರಾತಿಬ್ ಬೀದಿಗೆ ಬಿದ್ದರೆ ನಿನ್ನ ಹಾಸಿಗೆ ಅಂಗಡಿಯ ಮಾಂಸದ ಹಲಗೆ. ಅಬೂ ದರ್ವೀಶ್ ಕುರಿಯನ್ನು "ಹೊಟ್ಟೆ ಹೊಲಿಯಲು" ಒಳಗೆ ಕೊಂಡೊಯ್ದ. ಒಳಗಿನಿಂದ ಸ್ವಲ್ಪ ಹೊತ್ತು ಕರಕರ ಎಂದು ಸದ್ದು ಬಂತು. ಹೊಲಿಗೆಗೆ ಅಂಥ ಸದ್ದು ಬರುವುದಿಲ್ಲ.

ಕುರಿಯನ್ನು ಮತ್ತೆ ಹೊರಗೆ ತಂದು ಅಂಗಡಿ ಮುಂದಿನ ಬಟ್ಟೆಯ ಚಪ್ಪರದ ತೊಲೆಗೆ ನೇತುಹಾಕುವಾಗ ಅದು ಸೊಂಟದಲ್ಲಿ ಸ್ವಲ್ಪ ಜಾಸ್ತಿಯೇ ಬಳುಕಿತು. ಸುಬ್ಹಿ ಹತ್ತಿರ ಹೋಗಿ ಹೊಲಿಗೆಯನ್ನು ನೋಡಿದ. ಬೆರಳಿಟ್ಟು ಒತ್ತಿದ. ಒಳಗೆ ಬೆನ್ನುಮೂಳೆ ಇರಬೇಕಾದ ಕಡೆ ಬೆರಳು ಮುಂದೆ ಹೋಯಿತು.

"ಅಬೂ ದರ್ವೀಶ್," ಎಂದು ಪಿಸುಗುಟ್ಟಿದ, "ಇದು ಇಡೀ ಕುರೀನಾ?"

"ಹೊರಗಿಂದ ನೋಡಿದ್ರೆ ಇಡೀ ಕುರೀನೇ," ಎಂದ ಕಟುಕ, ತುಟಿ ಅಲುಗಿಸದೆ. "ಒಳಹೊಕ್ಕು ನೋಡೋಕೆ ಶೇಖ್ ಅಷ್ಟು ಸಣ್ಣವರಲ್ಲ. ಬೀಸು."

"ಮೋಸ ಆಗಲ್ವಾ?"

"ಹೆಂಡತಿ ಬೇಕಾ, ಫತ್ವಾ ಬೇಕಾ?"

ಹೊತ್ತು ಇಳಿದಿತ್ತು. ಮಸೀದಿಯ ಮಿನಾರದ ಮೆಟ್ಟಿಲು ಹತ್ತಲು ಬಾಂಗ್ ಕೂಗುವವನು ಆಗಲೇ ಚಪ್ಪಲಿ ಬಿಟ್ಟಿದ್ದ. ಓಣಿಯಲ್ಲಿ ಜನ, ಮಾಳಿಗೆಗಳ ಮೇಲೆ ಜನ, ಎರಡೂ ಕಡೆಯ ಮೇಲಂತಸ್ತಿನ ಜಾಲರಿ ಕಿಟಕಿಗಳ ಹಿಂದೆ ಹೆಂಗಸರು. ಯಾರೋ ಮದುವೆ ಮೆರವಣಿಗೆಯ ಡೋಲು ತಂದಿದ್ದರು. ಸುಬ್ಹಿ ತೋಳು ಮಡಿಸಿ, ಗರಗಸದಂಥ ಅಜ್ಜನ ಕತ್ತಿಯನ್ನು ಹಿಂದಕ್ಕೆ ಎತ್ತಿದ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಭಯಕ್ಕೆ ಜೀವಮಾನದ ಬಲವನ್ನೆಲ್ಲ ಹಾಕಿ ಬೀಸಿದ.

ಭಯಪಡುವ ಅಗತ್ಯವಿರಲಿಲ್ಲ. ಕತ್ತಿ ಕುರಿಯನ್ನು ಬೆಣ್ಣೆಯ ಹಾಗೆ ದಾಟಿತು. ದಾಟಿದ ಮೇಲೂ ಅದರಲ್ಲಿ ಇನ್ನೂ ಮೂರು ಕುರಿಗಾಗುವಷ್ಟು ಬಲ ಉಳಿದಿತ್ತು. ಅದೇ ರಭಸದಲ್ಲಿ ಹೋಗಿ ಚಪ್ಪರದ ಕಂಬವನ್ನು ಕಡಿಯಿತು, ಸುಬ್ಹಿಯನ್ನು ಬುಗುರಿಯ ಹಾಗೆ ಒಂದು ಸುತ್ತು ತಿರುಗಿಸಿತು, ಕಲ್ಲಿನ ಗೋಡೆಗೆ ಬಡಿದು ಟಣ್ ಎಂದು ಎರಡಾಯಿತು. ಚಪ್ಪರ ಕುಸಿಯಿತು. ಕುರಿಯ ಕೆಳಗಿನ ಅರ್ಧ, ಮೇಲಿನ ಅರ್ಧ, ಚಪ್ಪರದ ಬಟ್ಟೆ ಎಲ್ಲವೂ ಶೇಖ್ ಮುನೀಬರ ಮೇಲೆ ಬಿದ್ದವು.

ಬಟ್ಟೆ ಸರಿಸಿ ಅವರನ್ನು ಹೊರಗೆಳೆದರು. ಪನ್ನೀರಿನ ವಾಸನೆಯ ಅರ್ಧ ಕುರಿ ಅವರ ಮಡಿಲಲ್ಲೇ ಇತ್ತು. ಅವರು ಬಾಗಿ ಬೆನ್ನುಮೂಳೆಯ ತುದಿಯನ್ನು ನೋಡಿದರು. ಬೆರಳಿಂದ ಸವರಿದರು. ಗರಗಸದಿಂದ ಕೊಯ್ದ ಮೂಳೆ ಎಷ್ಟು ನಯವಾಗಿರುತ್ತದೆಂದು ಕುರುಡನಿಗೂ ತಿಳಿಯುತ್ತದೆ. ಅಬೂ ದರ್ವೀಶ್ ಆಕಾಶ ನೋಡುತ್ತಿದ್ದ.

ಶೇಖ್ ಮುನೀಬರು ಮೇಲಿನ ಕಿಟಕಿಗಳ ಕಡೆ ಒಮ್ಮೆ ನೋಡಿದರು. ಸುಬ್ಹಿಯ ಮುಖವನ್ನು ಒಮ್ಮೆ ನೋಡಿದರು. ಮೂಳೆಯನ್ನು ಬಟ್ಟೆಯಿಂದ ಮುಚ್ಚಿದರು.

"ಹರಿತವಾದ ಕತ್ತಿ," ಎಂದರು. "ಅಲ್‌ಹಮ್ದುಲಿಲ್ಲಾ. ಆಣೆ ಉಳೀತು."

ಓಣಿಯೆಲ್ಲ ಕೇಕೆ ಹಾಕಿತು. ಡೋಲು ಬಡಿದರು. ಕಿಟಕಿಗಳಿಂದ ಹೆಂಗಸರ ಖುಷಿಯ ಉಲುಲು ಕೂಗು ಕೇಳಿಬಂತು. ಅಬೂ ಶಾಕಿರ್ ಮಾತ್ರ ಕರವಸ್ತ್ರ ತೆಗೆದು ಮೀಸೆಯ ಪನ್ನೀರು ಒರೆಸಿಕೊಂಡ. ಸುಬ್ಹಿಯನ್ನು ಎತ್ತಿ ಕಟುಕನ ಮಾಂಸದ ಹಲಗೆಯ ಮೇಲೆ ನಿಲ್ಲಿಸಿದರು. ಕೈಯಲ್ಲಿ ಕತ್ತಿಯ ಹಿಡಿ ಮಾತ್ರ ಉಳಿದಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸತ್ತು ಬದುಕಿದವನಿಗೆ ಬರುವ ವೈರಾಗ್ಯ ಅವನಿಗೆ ಬಂದಿತ್ತು. ಇನ್ನು ಮುಂದೆ ಈ ಹಾಳು ಚಟ ಬೇಡ ಎಂದು ಎದೆಯಾಳದಿಂದ ನಿಶ್ಚಯಿಸಿದ. ನಿಶ್ಚಯವನ್ನು ಜನ ನಂಬಬೇಕಲ್ಲ? ನಂಬಿಸುವ ದಾರಿ ಅವನಿಗೆ ಗೊತ್ತಿದ್ದದ್ದು ಒಂದೇ.

"ಕೇಳ್ರೋ!" ಎಂದ. "ನನಗೆ ಬುದ್ಧಿ ಬಂತು! ಇವತ್ತಿನಿಂದ ನಾನು ಇನ್ನೊಂದು ಸಲ ತಲಾಖಿನ ಆಣೆ ಹಾಕಿದ್ರೆ, ನನ್ನ ಹೆಂಡತಿಗೆ ತಲಾಖ್!"

ಶೇಖ್ ಮುನೀಬರ ಕೈ ಗಡ್ಡದ ಮೇಲೆ ನಿಂತಿತು. ತುಟಿಗಳು ಅಲುಗಿದವು, ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಉಸಿರು ಬಿಟ್ಟರು.

"ಹೇಳಿದ್ದಾಯ್ತಲ್ಲ ಮಗನೇ. ಇನ್ನೂ ಏನೂ ಮುರಿದಿಲ್ಲ.  ಬಾಯಿ ಮುಚ್ಚಿಕೊಂಡು ಕೆಳಗಿಳಿ."

ಅಷ್ಟರಲ್ಲಿ ಮೇಲಿನ ಕಿಟಕಿಯೊಂದರ ಜಾಲರಿ ತೆರೆಯಿತು. ನಜ್ಮಿಯ್ಯಾಳ ದನಿ.

"ಅಬೂ ರಾತಿಬ್! ಡೋಲಿನ ಸದ್ದಲ್ಲಿ ಹೆಣ್ಣುಮಕ್ಕಳಿಗೆ ಒಂದೂ ಕೇಳಿಸ್ಲಿಲ್ಲ. ಏನಂದ್ರಿ? ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ!"

ಹೆಂಡತಿ ಕೇಳುತ್ತಿದ್ದಾಳೆ, ಅದೂ ಇಡೀ ಕೇರಿಯ ಮುಂದೆ. ಸುಬ್ಹಿಯ ಎದೆ ಚಪ್ಪರವಿಲ್ಲದ ಆಕಾಶದಷ್ಟು ಅಗಲವಾಯಿತು. ಶೇಖ್ ಮುನೀಬರು ಎರಡೂ ಕೈ ಎತ್ತಿ "ಬೇಡ! ಬೇಡ!" ಎಂದದ್ದು ಅವನಿಗೆ ಹರಸಿದ ಹಾಗೆ ಕಂಡಿತು. ಮಿನಾರಕ್ಕೂ ಕೇಳುವ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಕೂಗಿದ.

"ನಾನು! ಇನ್ನೊಂದು ಸಲ! ತಲಾಖಿನ ಆಣೆ ಹಾಕಿದ್ರೆ! ನನ್ನ ಹೆಂಡತಿಗೆ! ತಲಾಖ್!"

ಡೋಲು ನಿಂತಿತ್ತು. ಈ ಸಲ ಎಲ್ಲರಿಗೂ ಕೇಳಿಸಿತು.

ಶೇಖ್ ಮುನೀಬರು ಮೆಲ್ಲಗೆ ಕುಸಿದು ಕುರಿಯ ಪಕ್ಕ ಕೂತರು.

"ಏನಾಯ್ತು ಮೌಲಾನಾ?" ಎಂದ ಸುಬ್ಹಿ, ಹಲಗೆಯ ಮೇಲಿಂದ.

"ಮೊದಲನೇ ಸಲ ಹೇಳಿದ್ದು ಷರತ್ತು ಮಗನೇ. ಇನ್ನೊಂದು ಸಲ ಆಣೆ ಹಾಕಿದ್ರೆ ತಲಾಖ್ ಅಂದೆ. ಅಂದು, ಇನ್ನೊಂದು ಸಲ ಆಣೆ ಹಾಕಿದೆ."

"ಅದೇ ಆಣೆ ಅಲ್ವಾ! ಬೇರೆ ಅಲ್ಲವಲ್ಲ! ಅವಳಿಗೆ ಕೇಳಿಸ್ಲಿಲ್ಲ ಅಂತ ತಿರುಗಿ ಹೇಳಿದೆ!"

"ಇರುಳು ಕಂಡ ಬಾವಿಗೆ ಹಗಲು ಹಾರಿದವನೂ ಅದೇ ಬಾವಿ ಅಂತಾನೆ. ಬೆಳಿಗ್ಗೆ ನನ್ನೆದುರು ಹೇಳಿದ ಹಾಗೆ 'ನಾನು ಹೀಗಂದೆ' ಅಂತ ಹೇಳಿದ್ರೆ ಸುದ್ದಿಯಾಗ್ತಿತ್ತು. ನೀನು ಎದೆ ತಟ್ಟಿ ಆಣೆಯನ್ನೇ ಹಾಕಿದೆ. ಇದು ಪುಸ್ತಕದಲ್ಲಿ ಇರೋ ವಿಷಯ. ಕಳೆದ ಗುರುವಾರ ಹೆಂಗಸರ ಪಾಠದಲ್ಲಿ ಇದನ್ನೇ ಬಿಡಿಸಿ ಹೇಳಿದ್ದೆ." ಶೇಖ್ ತೊಡೆಯ ಮೇಲಿನ ಉಣ್ಣೆ ಕೊಡವಿಕೊಂಡರು. "ಉಮ್ ರಾತಿಬ್ ಮುಂದಿನ ಸಾಲಲ್ಲೇ ಕೂತಿದ್ರು. ಎರಡು ಸಲ ಕೇಳಿ ತಿಳ್ಕೊಂಡ್ರು."

ಸುಬ್ಹಿ ಕಿಟಕಿಯ ಕಡೆ ನೋಡಿದ. ಕಿಟಕಿ ಖಾಲಿಯಿತ್ತು.

ಕೆಳಗಿನ ಬಾಗಿಲು ತೆರೆದು ನಜ್ಮಿಯ್ಯಾ ಹೊರಬಂದಳು. ಹೊರಗೆ ಹೋಗುವ ಕಪ್ಪು ಹೊದಿಕೆ ಹೊದ್ದಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಎರಡು ಸಲವೂ ಸುಬ್ಹಿ ತಂದುಕೊಟ್ಟಿದ್ದ ಬಳೆಗಳು. ಜನ ದಾರಿ ಬಿಟ್ಟರು. ಅವಳು ನೆಟ್ಟಗೆ ಕಟುಕನ ಅಂಗಡಿಗೆ ಬಂದಳು.

"ಅಬೂ ದರ್ವೀಶ್, ಆ ಕುರೀದು ಸ್ವಲ್ಪ ಈಲಿ ಇದ್ರೆ ಕಟ್ಟಿ ಕೊಡಿ. ಅಕ್ಕನ ಮನೆಗೆ ಹೋಗ್ತಿದೀನಿ, ಬರಿಗೈಲಿ ಹೋಗಬಾರದು."

ಅಬೂ ದರ್ವೀಶ್ ಕಟ್ಟಿಕೊಟ್ಟ.

"ನಜ್ಮಿಯ್ಯಾ..." ಎಂದ ಸುಬ್ಹಿ.

"ಉಮ್ ರಾತಿಬ್ ಅನ್ನಿ. ಪರಸ್ತ್ರೀಯನ್ನ ಹೆಸರು ಹಿಡಿದು ಕರೀಬಾರದು. ಸೋರೆಕಾಯಿ ಒಲೆ ಮೇಲಿದೆ, ಇಳಿಸ್ಕೊಳ್ಳಿ. ಪಾತ್ರೆ ಸುಡಬೇಡಿ."

ಅಬೂ ಶಾಕಿರ್ ಮೀಸೆ ತಿರುವಿಕೊಂಡು ಒಂದು ಹೆಜ್ಜೆ ಮುಂದೆ ಬಂದ, ಗಂಟು ಹೊರಲು ಕೈ ಚಾಚಿದ. ಅವಳು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಅಬೂ ಶಾಕಿರ್, ಮೊದಲು ನಿಮ್ಮ ಅಂಗಡಿಗೆ ಬಾಗಿಲು ಹಾಕಿಸಿ," ಎಂದು ಟ್ರಾಮಿನ ಕಡೆ ನಡೆದಳು. ಆ ದಿನ ಟ್ರಾಮು ಸರಿಯಾದ ಹೊತ್ತಿಗೆ ಬಂತು.

ಮಿನಾರದ ಮೇಲೆ ಮಗ್ರಿಬ್ ಬಾಂಗ್ ಆಯಿತು. ಸುಬ್ಹಿ ಇನ್ನೂ ಹಲಗೆಯ ಮೇಲೇ ನಿಂತಿದ್ದ. ಅಬೂ ದರ್ವೀಶ್ ಮೆಲ್ಲಗೆ ಕೆಮ್ಮಿ, ಇಳಿಯಪ್ಪಾ, ಕುರಿಯ ಹಣದ ಮಾತು ನಾಳೆ ಆಡೋಣ ಎಂದ. ಒಟ್ಟಿನಲ್ಲಿ ಹೋದದ್ದು ಇಷ್ಟು: ಒಂದು ಕಲ್ಲಂಗಡಿ, ಒಂದು ಉಕ್ಕಿನ ಅಂಗಿ, ಒಂದು ಬಾಗಿಲು, ಒಂದು ಚಪ್ಪರ, ಒಂದು ಕುರಿ, ಅಜ್ಜನ ಕತ್ತಿ ಒಂದು, ಹೆಂಡತಿ ಒಬ್ಬಳು.